ಬೆಂಟ್ಲಿ ನಾಲ್ಕೂವರೆ ಲೀಟರ್ ಕಾರನ್ನು ವೇಗಕ್ಕೆ ಸಜ್ಜುಗೊಳಿಸುವ ಮತ್ತು ಪರೀಕ್ಷಿಸುವ ಕ್ರಮ

ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ 1927ರಿಂದ ತಯಾರಾದ ಬೆಂಟ್ಲಿ ನಾಲ್ಕೂವರೆ ಲೀಟರ್ ಕಾರಿನ ನಾಲ್ಕು ಸಿಲಿಂಡರ್‌ಗಳು ನಿಮಿಷಕ್ಕೆ 3500 ಸುತ್ತಿನಲ್ಲಿ ಸುಮಾರು 110 ಅಶ್ವಶಕ್ತಿ ನೀಡುತ್ತಿದ್ದವು. 1928ರಲ್ಲಿ ಚಾಲಕರಾದ ಬರ್ನಾಟೋ ಮತ್ತು ರೂಬಿನ್ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಕಾರು ಸ್ಪರ್ಧೆಯನ್ನು ಗೆದ್ದದ್ದು ಈ ಮಾದರಿಯಲ್ಲಿಯೇ. ಇಂಥ ಕಾರಿನ ವೇಗವನ್ನು ಹೆಚ್ಚಿಸಬೇಕೆನ್ನುವವರು ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದರ ಫಲವನ್ನು ಅಳೆದು ಬರೆದಿಟ್ಟುಕೊಂಡ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು.

ಮೊದಲ ಕೆಲಸ ಬ್ರೇಕಿನದು. ನಾಲ್ಕೂ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಪೆಡಲ್ ಒತ್ತಿದಾಗ ಎಡಬಲದ ಚಕ್ರಗಳು ಸಮನಾಗಿ ಹಿಡಿಯುವಂತೆ ಹೊಂದಿಸಿ, ಒಣಗಿದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಮೈಲಿ ವೇಗದಿಂದ ಪೂರ್ತಿ ನಿಲ್ಲಿಸಿ ದೂರವನ್ನು ಅಳೆಯಬೇಕು. ಗುರುತ್ವ ವೇಗೋತ್ಕರ್ಷಕ್ಕೆ ಸಮನಾದ ಹಿಡಿತವಿದ್ದರೆ ಕಾರು ಸುಮಾರು 30 ಅಡಿಗಳಲ್ಲಿ ನಿಲ್ಲುತ್ತದೆ. 60 ಅಡಿ ಹಿಡಿದರೆ ಬ್ರೇಕಿನ ಸಾಮರ್ಥ್ಯ ಅದರ ಅರ್ಧ. ಈ ಅಂಕಿ ತೃಪ್ತಿಕರವಾಗುವವರೆಗೆ ಎಂಜಿನ್ನನ್ನು ಮುಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಜಿನ್ನಿನಲ್ಲಿ ಲಾಭ ಮುಖ್ಯವಾಗಿ ಸಂಪೀಡನ ಅನುಪಾತದಿಂದ, ಅಂದರೆ ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಜಾಗ ಅದು ಮೇಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದರಿಂದ, ಬರುತ್ತದೆ. 100 ಮಿ.ಮೀ. ವ್ಯಾಸ ಮತ್ತು 140 ಮಿ.ಮೀ. ಸ್ಟ್ರೋಕ್ ಇರುವುದರಿಂದ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸುವ ಗಾತ್ರ ಸುಮಾರು 1100 ಘನ ಸೆಂ.ಮೀ. ಅನುಪಾತ 5 ಇದ್ದರೆ ಪಿಸ್ಟನ್ ಮೇಲೆ ಉಳಿಯುವ ಜಾಗ 275 ಘನ ಸೆಂ.ಮೀ.; ಅದನ್ನು 5.5ಕ್ಕೆ ಏರಿಸಲು ಈ ಜಾಗವನ್ನು 244ಕ್ಕೆ ಇಳಿಸಬೇಕು, ಅಂದರೆ ಸಿಲಿಂಡರ್‌ಗಳಿರುವ ಬ್ಲಾಕ್ ಸುಮಾರು 3.9 ಮಿ.ಮೀ. ಕೆಳಗಿಳಿಯಬೇಕು. ಈ ಎಂಜಿನ್ನಿನ ಸಿಲಿಂಡರ್‌ಗಳ ಮುಚ್ಚಳವಾದ ಹೆಡ್ ಬ್ಲಾಕಿನೊಡನೆ ಒಂದೇ ಎರಕವಾದ್ದರಿಂದ ಹೆಡ್ಡನ್ನು ಉಜ್ಜಿ ತೆಳುವಾಗಿಸುವ ದಾರಿ ಇಲ್ಲಿಲ್ಲ. ಬ್ಲಾಕಿನ ಕೆಳಗಿನ ತಟ್ಟೆಯನ್ನೋ ಪಿಸ್ಟನ್‌ಗಳನ್ನೋ ಬದಲಾಯಿಸಬೇಕು, ಬ್ಲಾಕ್ ಇಳಿದಿದ್ದರೆ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟಿನ ಚಾಲನೆಯನ್ನೂ ವಾಲ್ವ್‌ಗಳ ಸಮಯವನ್ನೂ ಮತ್ತೆ ನೋಡಬೇಕು.

ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಜೋಡಿಸುವ ಆಸೆ ಹಲವರಿಗೆ ಬರುತ್ತದೆ. ರೇಸ್ ಚಾಲಕ ಬರ್ಕಿನ್ ಅದನ್ನು ಜೋಡಿಸಿದ ಕಾರಿನಲ್ಲಿ 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಪಥದ ಸುತ್ತನ್ನು ಗಂಟೆಗೆ 137.96 ಮೈಲಿ ವೇಗದಲ್ಲಿ ಮುಗಿಸಿದರೆಂಬುದು ನಿಜ, ಆದರೆ ಬೆಂಟ್ಲಿ ಕಂಪನಿಯ ಸ್ಥಾಪಕ ಡಬ್ಲ್ಯು.ಓ. ಬೆಂಟ್ಲಿಯವರೇ ಅದನ್ನು ಒಪ್ಪಿರಲಿಲ್ಲ, ಮತ್ತು ದೂರ ಪ್ರಯಾಣದ ಕಾರಿನ ಮಟ್ಟಿಗೆ ಅವರ ಮಾತೇ ಸರಿ.

ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಮಾದರಿಯ ಕಾರ್ಬುರೇಟರ್‌ಗಳಿಗೆ ಗಾಳಿ ಸಮನಾಗಿ ಹೋಗುತ್ತಿದೆಯೇ ಎಂಬುದನ್ನು ರಬ್ಬರ್ ಕೊಳವೆಯ ಮೂಲಕ ಆಲಿಸಿ ಹೊಂದಿಸಿದ ಮೇಲೆ, ಒಂದು ಕಾರ್ಬುರೇಟರಿನ ಒಳಗಿರುವ, ಎಂಜಿನ್ನಿನದಲ್ಲದ, ಪುಟ್ಟ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಬೇಕು. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ಕುಸಿದರೆ ಕಡಿಮೆಯಾಗಿದೆ, ಕ್ಷಣಕಾಲ ಏರಿ ಹಿಂದಿನ ಗತಿಗೆ ಬಂದರೆ ಮಿಶ್ರಣ ಸರಿಯಾಗಿದೆ.

ಬ್ರಿಟನ್ನಿನ ರಸ್ತೆಗಳಲ್ಲಿ 1930ರ ಕೊನೆಯವರೆಗೂ ಗಂಟೆಗೆ 20 ಮೈಲಿಯ ಮಿತಿ ಜಾರಿಯಲ್ಲಿತ್ತು. ಆದ್ದರಿಂದ ಪೂರ್ಣ ವೇಗದ ಪರೀಕ್ಷೆಗೆ 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟ್ ಪಥವೇ ಸೂಕ್ತ ಸ್ಥಳವಾಗಿತ್ತು. ಇಂದಿಗೂ ಇದನ್ನು ಮುಚ್ಚಿದ ಪಥದಲ್ಲಿಯೇ ಮಾಡಬೇಕು. ಮೊದಲು ಚಕ್ರವನ್ನು ನೆಲದ ಮೇಲೆ ಒಂದು ಸುತ್ತು ಉರುಳಿಸಿ ದೂರವನ್ನು ಅಳೆಯಬೇಕು. ಅದು 2.5 ಮೀಟರ್ ಇದ್ದು ಹಿಂದಿನ ಆ್ಯಕ್ಸಲ್ಲಿನ ಅನುಪಾತ 3.53 ಆಗಿದ್ದರೆ, ಟಾಪ್ ಗೇರಿನಲ್ಲಿ ಎಂಜಿನ್ನಿನ 3500 ಸುತ್ತಿಗೆ ಕಾರು ಗಂಟೆಗೆ ಸುಮಾರು 92 ಮೈಲಿ ಓಡಬೇಕು. ಬಳಿಕ ಅಳತೆ ಮಾಡಿದ ಮೈಲಿಯನ್ನು ಸ್ಟಾಪ್‌ವಾಚ್ ಹಿಡಿದು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು, ಏಕೆಂದರೆ ಬೆನ್ನಿಗೆ ಬೀಸುವ ಗಾಳಿ ಒಂದು ದಿಕ್ಕಿನ ಅಂಕಿಯನ್ನು ಸುಳ್ಳಾಗಿಸುತ್ತದೆ. ಮೈಲಿಗೆ 40 ಸೆಕೆಂಡು ಎಂದರೆ 90 ಮೈಲಿ ವೇಗ. ಸ್ಪೀಡೋಮೀಟರ್ ಬೇರೆ ಹೇಳಿದರೆ ಸ್ಟಾಪ್‌ವಾಚನ್ನೇ ನಂಬಬೇಕು.

ಕೊನೆಯ ಓಟದಲ್ಲಿ ಪೂರ್ಣ ವೇಗದಲ್ಲಿರುವಾಗಲೇ ಕ್ಲಚ್ ಒತ್ತಿ, ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡೂ ಮ್ಯಾಗ್ನೆಟೋಗಳನ್ನು ಆರಿಸಿ, ಕಾರನ್ನು ಹಾಗೆಯೇ ಉರುಳಲು ಬಿಟ್ಟು ನಿಲ್ಲಿಸಬೇಕು. ಸಿಲಿಂಡರಿಗೆ ಎರಡರಂತೆ ಇರುವ ಎಂಟು ಪ್ಲಗ್‌ಗಳನ್ನೂ ಬಿಚ್ಚಿ ಸಿಲಿಂಡರಿನ ಕ್ರಮದಲ್ಲಿ ಜೋಡಿಸಿ ನೋಡಬೇಕು: ತುದಿಯ ನಿರೋಧಕ ತಿಳಿ ಕಂದು ಬಣ್ಣದ್ದಾಗಿದ್ದರೆ ಮಿಶ್ರಣವನ್ನು ಹಾಗೆಯೇ ಬಿಡಬಹುದು, ಬಿಳುಚಿ ಗುಳ್ಳೆ ಎದ್ದಿದ್ದರೆ, ಪಿಸ್ಟನ್ ಸುಡುವ ಮೊದಲು, ಪೆಟ್ರೋಲನ್ನು ಹೆಚ್ಚಿಸದೆ ಆ ಕಾರನ್ನು ಮತ್ತೆ ವೇಗವಾಗಿ ಓಡಿಸಬಾರದು.