ಫೌಂಡ್ರಿಗೆ ನಾಲ್ಕು ನಿಮಿಷದ ಪಾಡ್‌ಕಾಸ್ಟ್: ನಾನು ಮಾಡಿದ ರೀತಿ

ಬೆಳಗಾವಿ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕೆಲಸಗಾರರಿಗೆಂದು ಎಐ ನೆರವಿನಿಂದ ಮಾಡುವ ಪಾಡ್‌ಕಾಸ್ಟಿನ ಹತ್ತಿರ ಹತ್ತಿರ 40 ಎಪಿಸೋಡ್ ಈಗ ಆಗಿವೆ. ವಾರಕ್ಕೊಂದು, ನಾಲ್ಕೇ ನಿಮಿಷ. ಸೋಮವಾರ ಮೊದಲ ಶಿಫ್ಟ್‌ಗೆ ಮುಂಚೆ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ‘ಭಟ್ಟಿ ಮುಂದ ನಿಂತವ್ರು ಇದನ್ನೆಲ್ಲಾ ಕೇಳ್ತಾರೇನ್ರಿ?’ ಎಂದವರೇ ಈಗ ತಡವಾದರೆ ಫೋನ್ ಹಚ್ಚುತ್ತಾರೆ. ಆಡಾಸಿಟಿ (ಆಡಿಯೊ ತಿದ್ದುವ ಸಾಫ್ಟ್‌ವೇರ್), ಮೈಕು, ಪ್ರಾಂಪ್ಟು (ಎಐಗೆ ಬರೆದುಕೊಡುವ ಸೂಚನೆ) ಎಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ತಪ್ಪು ದಾರಿ. ಎಸ್‌ಒಪಿಯ (ಕೆಲಸದ ಕ್ರಮ ಬರೆದಿಟ್ಟ ಕಡತ) ಪಿಡಿಎಫ್ ಹಾಕಿದರೆ ತಾನೇ ಇಬ್ಬರ ಮಾತುಕತೆ ಮಾಡಿಕೊಡುವ ಟೂಲ್ ಬಳಸಿ 12 ನಿಮಿಷದ ಆರು ಎಪಿಸೋಡ್ ತೆಗೆದೆ. ಕನ್ನಡ ಸ್ವಚ್ಛವಾಗಿತ್ತು. ಆದರೆ ತುಂಬ ‘ಮರಳಿನ ತೇವಾಂಶ’, ‘ಅಚ್ಚಿನ ಕುಹರ’. ನಮ್ಮ ಶಾಪಿನಲ್ಲಿ ಅದು ಉಸುಕು, ಅದು ಮೋಲ್ಡು. ಎರಡನೇ ನಿಮಿಷ ದಾಟಿ ಕೇಳಿದವರು ಐದಾರು ಜನ. ಅದರ ಜತೆಗೆ ಒಂದು ಧ್ವನಿ ಟೂಲಿಗೆ ವರ್ಷದ ಚಂದಾ ಒಂದೇ ಸಲಕ್ಕೆ ಕಟ್ಟಿದ್ದೆ, ಸುಮಾರು 18,000 ರೂಪಾಯಿ. ವಾರ್ತೆ ಓದಿದ ಹಾಗೆ ಓದುತ್ತಿತ್ತು, ಆ ದುಡ್ಡು ಹೋಯಿತು. ಕನ್ನಡಕ್ಕೆ ಯಾವ ಟೂಲಿಗೂ ವರ್ಷದ ಹಣ ಮುಂಗಡ ಕಟ್ಟಬೇಡಿ. ಬಳಸಿದಷ್ಟಕ್ಕೆ ದುಡ್ಡು ಕೊಡುವ ಪ್ಲಾನ್ ಸಾಕು. ಈಗ ನನ್ನ ತಿಂಗಳ ಖರ್ಚು 400–500 ರೂಪಾಯಿ. ಸ್ಟುಡಿಯೊದವರು ಎಪಿಸೋಡಿಗೆ 6,000 ಹೇಳಿದ್ದರು.

ದಾರಿಗೆ ಬಂದದ್ದು ಕ್ರಮ ತಿರುಗಿಸಿದ ಮೇಲೆ. ವಿಷಯ ಎಐ ಕೊಡುವುದಿಲ್ಲ, ಉಸುಕಿನಲ್ಲಿ ಮೋಲ್ಡು ಕಟ್ಟುವ ಹಿರಿಯ ಮೋಲ್ಡರ್ ಕೊಡುತ್ತಾರೆ. ಅವರ 15–20 ನಿಮಿಷದ ಮಾತನ್ನು ಕಟ್ಟಿಕೊಡುವುದಷ್ಟೇ ಎಐ ಕೆಲಸ. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಅವರದೇ ದನಿ. ಯಂತ್ರದ ದನಿ ನಡುನಡುವೆ ಪ್ರಶ್ನೆ ಕೇಳುತ್ತದೆ, ಕೊನೆಗೆ ಒಂದು ಸಾಲಿನಲ್ಲಿ ನೆನಪಿಸುತ್ತದೆ.

ರೆಕಾರ್ಡಿಂಗ್ ಪ್ಯಾಟರ್ನ್ ಸ್ಟೋರಿನಲ್ಲಿ (ಉಸುಕಿನಲ್ಲಿ ಆಕಾರ ಮೂಡಿಸುವ ಮಾದರಿಗಳನ್ನು ಇಡುವ ಕೋಣೆ) ಮಾಡಿ. ಮರದ ಪ್ಯಾಟರ್ನುಗಳು ಎತ್ತರ ತಗ್ಗಾಗಿ ಜೋಡಿಸಿರುವುದರಿಂದ ಗೋಡೆಯ ಪ್ರತಿಧ್ವನಿ ಒಡೆದುಹೋಗುತ್ತದೆ. ಕೇಬಿನ್ನಿನಲ್ಲಿ ಗಾಜು, ಎಸಿ, ಎರಡೂ ಕಾಟ. ಕಾಲರಿಗೆ ಹಾಕುವ ವೈರಿನ ಮೈಕು 1,000–1,200ಕ್ಕೆ ಸಿಗುತ್ತದೆ, ಅದೇ ಸಾಕು. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ‘ಈ ಕೆಲಸ ಹೆಂಗ ಮಾಡ್ತೀರಿ?’ ಎಂದರೆ ಎಸ್‌ಒಪಿಯನ್ನೇ ಒಪ್ಪಿಸುತ್ತಾರೆ. ‘ಹ್ವಾದ ವಾರ ಯಾವ ಕಾಸ್ಟಿಂಗ್ ಕೆಡ್ತು ಕಾಕಾ?’ (ಕಾಸ್ಟಿಂಗ್ ಅಂದರೆ ಎರಕ ಹೊಯ್ದು ತೆಗೆದ ಭಾಗ) ಎಂದು ಶುರು ಮಾಡಿದರೆ ಮಾತು ತಾನೇ ಹರಿಯುತ್ತದೆ. ಅದರ ಬೆನ್ನಿಗೆ ಕೇಳುವ ಎರಡನೇ ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಹೀಗೆ ಸಿಕ್ಕಿದ್ದೇ ಉಸುಕಿನ ಎಪಿಸೋಡ್. ಎಸ್‌ಒಪಿ ತೇವಾಂಶ ಶೇ. 3ರಿಂದ 4 ಅನ್ನುತ್ತದೆ. ಹಿರಿಯ ಮೋಲ್ಡರ್ ಹೇಳಿದ್ದು: ‘ಒಂದು ಮುಟಗಿ ಗಟ್ಟ್ಯಾಗಿ ಹಿಚುಕ್ರಿ. ಬಟ್ಟಿನ ಗುರ್ತು ಮೂಡಬೇಕು, ಕೈಗೆ ಅಂಟಬಾರ್ದು. ನಡುವ ಮುರದ್ರ ಅಂಚು ಚೂಪಾಗಿ ನಿಲ್ಲಬೇಕು. ಅಂಟಿತಂದ್ರ ನೀರು ಜಾಸ್ತಿ, ಬ್ಲೋಹೋಲ್ ಬಂತು ಅಂತ ತಿಳ್ಕೋರಿ. ಉದುರ್ತಂದ್ರ ಮೋಲ್ಡಿನ ಮೂಲಿ ಕುಸಿತೈತಿ.’ (ಬ್ಲೋಹೋಲ್ ಅಂದರೆ ಗಾಳಿ, ಉಗಿ ಸಿಕ್ಕಿ ಕಾಸ್ಟಿಂಗಿನಲ್ಲಿ ಆಗುವ ತೂತು.) ಹೊಸ ಹೆಲ್ಪರ್‌ಗಳು ಅವತ್ತೇ ಮಿಕ್ಸರ್ ಹತ್ತಿರ ನಿಂತು ಹಿಚುಕಿ ನೋಡಿದರು.

ಇನ್ನು ಮಾತನ್ನು ಅಕ್ಷರಕ್ಕೆ ಇಳಿಸುವುದು. ಐಐಟಿ ಮದ್ರಾಸಿನ ಎಐ4ಭಾರತ ತಂಡದ ಮುಕ್ತ ಮಾಡೆಲ್‌ಗಳು ಕನ್ನಡಕ್ಕೂ ಇವೆ, ಪುಕ್ಕಟೆ, ನಮ್ಮ ಕಂಪ್ಯೂಟರಿನಲ್ಲೇ ನಡೆಸಬಹುದು. ಯಾವ ಎಂಜಿನ್ ಆದರೂ ಭಾಷೆಯನ್ನು ತಾನೇ ಗುರುತಿಸಲು ಬಿಡಬೇಡಿ. ನಮ್ಮವರ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ ಕೂಡಿರುತ್ತವೆ, ನಡುವೆ ಲಿಪಿಯೇ ಕನ್ನಡದಿಂದ ದೇವನಾಗರಿಗೆ ಹಾರಿಬಿಡುತ್ತದೆ. ಭಾಷೆ ಕನ್ನಡ ಎಂದು ಕೈಯಿಂದ ಆರಿಸಿ. ಮೌನದ ಜಾಗ ಮೊದಲೇ ಕತ್ತರಿಸಿ, ಇಲ್ಲವಾದರೆ ಕೆಲವು ಮಾಡೆಲ್ ಖಾಲಿ ಜಾಗದಲ್ಲಿ ಇಲ್ಲದ ಸಾಲು ತುಂಬುತ್ತವೆ. 25–30 ಸೆಕೆಂಡಿನ ತುಂಡು ಮಾಡಿ ಕೊಟ್ಟರೆ ತಪ್ಪು ಅರ್ಧಕ್ಕೆ ಇಳಿಯಿತು.

ನನಗೆ ಭಯ ಹುಟ್ಟಿಸಿದ್ದು ಮಾತ್ರ ಬೇರೆ. ನಮ್ಮ ಭಾಷೆಯಲ್ಲಿ ಬೇಕು–ಬೇಡ ಕೂಡುವುದು ಕ್ರಿಯಾಪದದ ಬಾಲಕ್ಕೆ. ‘ಹಸಿ ಸ್ಕ್ರ್ಯಾಪ್ ಭಟ್ಟಿಗೆ ಹಾಕಬ್ಯಾಡ್ರಿ’ ಎಂದದ್ದು ಡ್ರಾಫ್ಟಿನಲ್ಲಿ ‘ಹಾಕಬೇಕ್ರಿ’ ಎಂದು ಬಂದಿತ್ತು. ಕರಗಿದ ಕಬ್ಬಿಣದ ಕೆಳಗೆ ನೀರು ಸಿಕ್ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿಯಾಗಿ ಮೆಟಲ್ಲನ್ನೇ ಮೇಲಕ್ಕೆ ಎಸೆಯುತ್ತದೆ. ಆ ಒಂದು ಅಕ್ಷರ ಒಬ್ಬನ ಜೀವ. ತಪ್ಪು ಎರಡು ಕಡೆ ಹುಟ್ಟುತ್ತದೆ. ಗದ್ದಲ ತೆಗೆಯುವ ಫಿಲ್ಟರ್ ಜೋರಾದರೆ ಮಾತಿನ ಬಾಲವನ್ನೇ ನುಂಗುತ್ತದೆ. ಇತ್ತ ಪುಸ್ತಕದ ಕನ್ನಡ ಕಲಿತ ಮಾಡೆಲ್‌ಗೆ ‘ಬ್ಯಾಡ್ರಿ’ ಹೊಸದು. ಹಾಗಾಗಿ ಫಿಲ್ಟರ್ ಅರ್ಧಕ್ಕಿಂತ ಮೇಲೆ ಏರಿಸುವುದಿಲ್ಲ. ಬೇಕು, ಬೇಡ, ಬಾರದು, ಬ್ಯಾಡ ಇರುವ ಪ್ರತಿ ವಾಕ್ಯವನ್ನೂ ಬೇರೆ ತೆಗೆದು ಮೂಲ ಆಡಿಯೊ ಜತೆ ಕಿವಿಯಿಂದಲೇ ತಾಳೆ ನೋಡುತ್ತೇನೆ. ಎಪಿಸೋಡಿಗೆ ಹತ್ತು ನಿಮಿಷ ಹಿಡಿಯುತ್ತದೆ. ಇದನ್ನು ಬಿಟ್ಟು ಒಂದೂ ಎಪಿಸೋಡ್ ಹೊರಗೆ ಬಿಡಬಾರದು.

ಸ್ಕ್ರಿಪ್ಟಿಗೆ ಎಐಗೆ ನಾನು ಹಾಕುವ ಕಟ್ಟುಗಳು ಮೂರು: ಒಂದು ಎಪಿಸೋಡಿಗೆ ಒಂದೇ ದೋಷ, ಹೇಳಿದವರ ಪದ ಬದಲಿಸಬಾರದು, ಮೂಲದಲ್ಲಿ ಇಲ್ಲದ ಅಂಕಿ ಸೇರಿಸಬಾರದು. ಮೂರನೆಯದನ್ನು ಆಗಾಗ ಮುರಿಯುತ್ತದೆ. ಲ್ಯಾಡಲ್ಲಿನ (ಕರಗಿದ ಲೋಹ ಒಯ್ದು ಸುರಿಯುವ ಪಾತ್ರೆ) ಎಪಿಸೋಡಿನಲ್ಲಿ ಯಾರೂ ಹೇಳದ ಟೆಂಪರೇಚರ್ ತಂದಿಟ್ಟಿತ್ತು. ಜತೆಗೆ ನಮ್ಮ ಶಾಪಿನ 200ರಷ್ಟು ಪದಗಳ ಪಟ್ಟಿ ಪ್ರತಿ ಸಲ ಕೊಡುತ್ತೇನೆ. ಎಂಟು ತಿಂಗಳ ದುಡಿಮೆ ಅದು, ಇಲ್ಲಿ ಹಾಕುವುದಿಲ್ಲ. ನಿಮ್ಮ ಶಾಪಿನದು ನೀವೇ ಕಟ್ಟಬೇಕು.

ಯಂತ್ರದ ದನಿಗೆ ಅಂಕಿ ಕೊಡಲೇಬಾರದು. 1380 ಎಂದು ಬರೆದರೆ ಒಮ್ಮೆ ಬಿಡಿಬಿಡಿಯಾಗಿ, ಒಮ್ಮೆ ಇಂಗ್ಲಿಷಿನಲ್ಲಿ ಓದುತ್ತದೆ. ‘ಹದಿಮೂರುನೂರಾ ಎಂಬತ್ತು’ ಎಂದು ಅಕ್ಷರದಲ್ಲಿ ಬರೆಯಿರಿ. ಸಿಎನ್‌ಸಿಯನ್ನು ‘ಸೀಯೆನ್ಸೀ’ ಎಂದು ಬರೆದರೆ ಸರಿ ನುಡಿಯುತ್ತದೆ. ಉದ್ದ ವಾಕ್ಯದಲ್ಲಿ ಉಸಿರು ತಪ್ಪುತ್ತದೆ, ಎಂಟು–ಹತ್ತು ಪದಕ್ಕೆ ಮುಗಿಸಿ.

ಕೊನೆಯ ಮಿಕ್ಸ್ ಮಾಡುವಾಗ ಅಗ್ಗದ ಫೋನಿನ ಸ್ಪೀಕರ್ ಕಣ್ಣ ಮುಂದಿರಲಿ. 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಆಡಾಸಿಟಿಯ ಲೌಡ್‌ನೆಸ್‌ನಲ್ಲಿ ಮೊದಲೇ ಇರುವ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ) ನಮಗೆ ಸಾಲದು, ಮೈನಸ್ 16ಕ್ಕೆ ಏರಿಸಿ. ತುದಿಗಳನ್ನು ಮೈನಸ್ 1 ಡೆಸಿಬೆಲ್ಲಿಗೆ ಲಿಮಿಟರ್ ಹಾಕಿ ಹಿಡಿಯಿರಿ. ಮೊನೊ, 64 ಕೆಬಿಪಿಎಸ್ ಎಂಪಿ3 ಆದರೆ ನಾಲ್ಕು ನಿಮಿಷ ಎರಡು ಎಂಬಿ ಒಳಗೇ ಮುಗಿಯುತ್ತದೆ.

ಪಕ್ಕದ ಪ್ರಯೋಗ ಎರಡು. ಹಿರಿಯರೊಬ್ಬರ ಒಪ್ಪಿಗೆ ಪಡೆದು ಅವರ ದನಿಯನ್ನೇ ಎಐನಿಂದ ನಕಲು ಮಾಡಿಸಿದೆ. ದನಿ ಕೂಡಿತು, ಆದರೆ ‘ಹಾಂ… ನೋಡ್ರಿ ಮತ್ತ’ ಎಂದು ಅವರು ನಿಲ್ಲಿಸಿ ಯೋಚಿಸುವ ಜಾಗ ಬರಲಿಲ್ಲ. ಜನ ಒಂದೇ ಸಲಕ್ಕೆ ಗುರುತು ಹಿಡಿದರು, ಬಿಟ್ಟುಬಿಟ್ಟೆ. ಇನ್ನೊಂದು ಬಹಳ ಚೆನ್ನಾಗಿ ಫಲಿಸಿತು: ಸುತ್ತಿಗೆಯಿಂದ ಕಾಸ್ಟಿಂಗ್ ಬಡಿದ ಸದ್ದು. ಎಸ್‌ಜಿ ಐರನ್ (ಮೆಗ್ನೀಷಿಯಂ ಹಾಕಿ ಮಾಡುವ ಎರಕದ ಕಬ್ಬಿಣ) ಸರಿ ಬಂದಿದ್ದರೆ ಗಂಟೆಯ ಹಾಗೆ ‘ಟಣ್’ ಎಂದು ಎಳೆಯುತ್ತದೆ. ಮೆಗ್ನೀಷಿಯಂ ಹಾಕಿದ ಮೇಲೆ ಸುರಿಯಲು ತಡವಾಗಿ ಅದರ ಕಸುವು ಇಳಿದಿದ್ದರೆ ಗ್ರೇ ಐರನ್ನಿನಂತೆ (ಸಾದಾ ಎರಕದ ಕಬ್ಬಿಣ) ‘ದಬ್’ ಎಂದು ಸಾಯುತ್ತದೆ. ಎರಡನ್ನೂ ಕೇಳಿಸಿ ‘ಯಾವುದು ಕೆಟ್ಟದ್ದು?’ ಎಂದು ಕೇಳಿದ ಎಪಿಸೋಡಿಗೆ 60 ಜನರ ಗುಂಪಿನಲ್ಲಿ 45ರಷ್ಟು ಉತ್ತರ ಬಂದವು. ಈ ಸದ್ದಿಗೆ ಗದ್ದಲ ಫಿಲ್ಟರ್ ಮುಟ್ಟಿಸಬೇಡಿ, ಆ ಎಳೆತವನ್ನೇ ಗದ್ದಲ ಎಂದು ಒರೆಸಿಹಾಕುತ್ತದೆ.

ಮೊದಲ ಎಪಿಸೋಡುಗಳಿಗೆ ಒಂದೊಂದಕ್ಕೆ ಒಂಬತ್ತು ತಾಸು ಹಿಡಿಯುತ್ತಿತ್ತು, ಈಗ ಎರಡೂವರೆ. ಮರಾಠಿ ಆವೃತ್ತಿ ಶುರು ಮಾಡಿದ್ದೇನೆ. ಅದಕ್ಕೆ ಕನ್ನಡದ ಸ್ಕ್ರಿಪ್ಟ್ ಅನುವಾದ ಮಾಡಿಸುತ್ತಿಲ್ಲ. ಕೋರ್ (ಕಾಸ್ಟಿಂಗಿನೊಳಗೆ ಟೊಳ್ಳು ಬಿಡಿಸುವ ಉಸುಕಿನ ತುಂಡು) ಮಾಡುವ ಶಾಪಿನ ಮಾವಶಿಯವರನ್ನು ಅದೇ ಪ್ಯಾಟರ್ನ್ ಸ್ಟೋರಿನಲ್ಲಿ ಕೂರಿಸಿ, ಹೋದ ವಾರ ಯಾವ ಕೋರ್ ಮುರಿಯಿತು ಎಂಬಲ್ಲಿಂದಲೇ ಹೊರಟಿದ್ದೇನೆ.