ಒಂದು ಡಬ್ಬ ಅಕ್ಕಿತರಿ, ಒಂದು ಬಾಟಲಿ ಜೋನಿಬೆಲ್ಲ: ಮಲೆನಾಡಿನ ಮಳೆಗಾಲಕ್ಕೆ ವಾರದ ಅಡುಗೆ

ಬೆಳಿಗ್ಗೆ ಎಂಟಕ್ಕೆ ಶಾಲೆಯ ಬಸ್ಸು, ಒಂಬತ್ತಕ್ಕೆ ಆಫೀಸು. ಇಂಥ ಮನೆಯಲ್ಲಿ ಮಳೆಗಾಲ ಬಂತೆಂದರೆ ತಿಂಡಿಯ ಲೆಕ್ಕವೇ ತಪ್ಪುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಚಳಿಗೆ ಹುಳಿ ಬಂದಿರುವುದಿಲ್ಲ. ಚಟ್ನಿಗೆ ಕಾಯಿ ತುರಿದಿಟ್ಟ ಹೊತ್ತಿಗೆ ಕರೆಂಟು ಹೋಗುತ್ತದೆ. ಡಬ್ಬದಲ್ಲಿದ್ದ ಬೆಲ್ಲ ನೀರೊಡೆದಿರುತ್ತದೆ. ಇದಕ್ಕೆ ಉಪಾಯವೆಂದರೆ ಮಳೆ ಹೊಳವಾದ ಒಂದು ದಿನ ಎರಡೇ ಸಾಮಾನು ಸಿದ್ಧ ಮಾಡಿಟ್ಟುಕೊಳ್ಳುವುದು: ಹುರಿದ ಅಕ್ಕಿತರಿ ಮತ್ತು ಕುದಿಸಿ ಸೋಸಿದ ಜೋನಿಬೆಲ್ಲ (ಉಂಡೆ ಕಟ್ಟದ, ಹರಿಯುವ ಬೆಲ್ಲ). ಇವೆರಡಿದ್ದರೆ ಬೆಳಿಗ್ಗೆಗೆ ಕಡುಬು, ಸಂಜೆಗೆ ಓವನ್ನಿನಲ್ಲಿ ಬೇಯಿಸಿದ ಮುಳ್ಳುಸೌತೆ ಸಿಹಿ, ಡಬ್ಬಿಗೆ ಬಾಳೆಹಣ್ಣಿನ ಕೇಕು ಆಗುತ್ತವೆ. ಮೂರಕ್ಕೂ ಹಿಟ್ಟು ಹುಳಿ ಬರುವವರೆಗೆ ಕಾಯಬೇಕಿಲ್ಲ, ಮೊಟ್ಟೆ ಬೇಡ, ಕರೆಂಟು ಹೋದರೆ ಗ್ಯಾಸ್ ಒಲೆಯ ಮೇಲೂ ಮುಗಿಸಬಹುದು.

ಇಲ್ಲಿ ಲೋಟ ಎಂದರೆ 200 ಮಿಲಿ ಹಿಡಿಯುವ ಸ್ಟೀಲ್ ಲೋಟ. ದೊಡ್ಡ ಚಮಚ 15 ಮಿಲಿ, ಚಿಕ್ಕ ಚಮಚ 5 ಮಿಲಿ. ಕೇಕಿಗೆ ಮಾತ್ರ ತಕ್ಕಡಿ ಇದ್ದರೆ ಒಳ್ಳೆಯದು. ಬಾಳೆಹಣ್ಣು ಮತ್ತು ಬೆಲ್ಲವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಒಂದು ವಾರ ಸರಿಯಾದದ್ದು ಮುಂದಿನ ವಾರ ಕೈಕೊಡುತ್ತದೆ.

ತರಿ ಮಾಡಿಡುವುದು

ಒಂದು ಕಿಲೋ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ತೆಗೆದುಕೊಳ್ಳಿ. ಕುಚ್ಚಲಕ್ಕಿ ಬೇಡ, ಅದರ ತರಿ ಬೇರೆಯೇ ಪ್ರಮಾಣದಲ್ಲಿ ನೀರು ಕುಡಿಯುತ್ತದೆ. ಅಕ್ಕಿಯನ್ನು ಎರಡು ನೀರಿನಲ್ಲಿ ತೊಳೆದು, ಬಸಿದು, ಹತ್ತಿಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಹರಡಿ. ಶಿವಮೊಗ್ಗ ಪೇಟೆಯಲ್ಲಿ ಮೂರ್ನಾಲ್ಕು ಗಂಟೆಗೆ ಒಣಗೀತು. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆ ಜುಲೈನಲ್ಲಿ ಒಂದಿಡೀ ಹಗಲು ಹಿಡಿದರೂ ಆಶ್ಚರ್ಯವಿಲ್ಲ. ಕೈಯಲ್ಲಿ ಹಿಡಿದು ಬಿಟ್ಟಾಗ ಕಾಳು ಅಂಟದೆ ಉದುರಿದರೆ ಸಾಕು.

ಮಿಕ್ಸಿ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೂರ್ನಾಲ್ಕು ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ತಳ ಹಿಟ್ಟಾಗುತ್ತದೆ, ಮೇಲೆ ಇಡೀ ಅಕ್ಕಿ ಉಳಿಯುತ್ತದೆ. ದಪ್ಪ ಸಜ್ಜಿಗೆಯಷ್ಟು ತರಿ ಬಂದ ಮೇಲೆ ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಿ. ಈ ಕೆಲಸ ಬಿಡಬೇಡಿ. ಕಡುಬು ಅಂಟಂಟಾಗುವುದಕ್ಕೆ ಹತ್ತರಲ್ಲಿ ಎಂಟು ಸಲ ತರಿಯಲ್ಲಿ ಉಳಿದ ಹಿಟ್ಟೇ ಕಾರಣ. ಜರಡಿಯಿಂದ ಇಳಿದ ಹಿಟ್ಟು ರೊಟ್ಟಿಗೆ ಆಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತರಿಯನ್ನು ಎಂಟು-ಹತ್ತು ನಿಮಿಷ ಹುರಿಯಿರಿ. ಬಣ್ಣ ತಿರುಗಬಾರದು, ಆವಿ ನಿಂತು, ಸೌಟಿಗೆ ಸಣ್ಣ ಮರಳಿನಂತೆ ಸರಸರ ಸದ್ದು ಬಂದರೆ ಆಯಿತು. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕೂತು ಮೂರೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ನಾಲ್ಕು ಒಣಮೆಣಸಿನಕಾಯಿ ಹಾಕಿಟ್ಟರೆ ಹುಳ ಬರುವುದು ಕಡಿಮೆ. ಒದ್ದೆ ಚಮಚ ತಾಗಿಸದಿದ್ದರೆ ಮಳೆಗಾಲದಲ್ಲೂ ಒಂದು ತಿಂಗಳು ಚೆನ್ನಾಗಿರುತ್ತದೆ.

ಜೋನಿಬೆಲ್ಲ

ಆಲೆಮನೆಯ ಕಾಲದಲ್ಲಿ ತಂದಿಟ್ಟ ಜೋನಿಬೆಲ್ಲ ಮಳೆಗಾಲದ ಹೊತ್ತಿಗೆ ತಳದಲ್ಲಿ ಹರಳು ಕಟ್ಟಿರುತ್ತದೆ, ಮೇಲೆ ತೆಳುವಾಗಿರುತ್ತದೆ. ಮೇಲಿನದನ್ನಷ್ಟೇ ಬಗ್ಗಿಸಿ ಕೇಕಿಗೆ ಹಾಕಿದರೆ ಸಿಹಿಯೂ ಕಡಿಮೆ, ಹಿಟ್ಟೂ ನೀರು. ಒಂದು ಕಿಲೋ ಜೋನಿಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಹರಳು ಕರಗುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿನ ಸಿಪ್ಪೆ, ಮರಳು ಎಲ್ಲ ಬಟ್ಟೆಯಲ್ಲಿ ನಿಲ್ಲುತ್ತವೆ. ಸೋಸಿದ್ದನ್ನು ಮತ್ತೆ ಒಲೆಗಿಟ್ಟು ಐದಾರು ನಿಮಿಷ ಕುದಿಸಿ, ನೊರೆ ತೆಗೆಯಿರಿ. ತಣ್ಣನೆ ತಟ್ಟೆಯ ಮೇಲೆ ಬಿಟ್ಟ ಹನಿ ನೀರಿನಂತೆ ಓಡದೆ ನಿಧಾನ ಹರಿಯಬೇಕು. ಹಾಕಿದ ನೀರು ಆರಿಹೋಗುವಷ್ಟು ಕುದಿಸದಿದ್ದರೆ ಬೇಗ ಹುಳಿಯುತ್ತದೆ. ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ.

ಬಾಟಲಿ ತೆರೆದಾಗ ಬುಸ್ಸೆಂದು ನೊರೆ ಬಂದು ಹೆಂಡದ ವಾಸನೆ ಹೊಡೆದರೆ ಅದು ಹುಳಿತಿದೆ ಎಂದರ್ಥ. ಅದನ್ನು ಕೇಕಿಗೆ ಬಳಸಬೇಡಿ. ಜೋನಿಬೆಲ್ಲ ಸಿಗದವರು 150 ಗ್ರಾಂ ಜೋನಿಯ ಬದಲು 130 ಗ್ರಾಂ ಉಂಡೆಬೆಲ್ಲವನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿ ಬಳಸಬಹುದು.

ಬೆಳಗಿನ ಕಡುಬು

ನಾಲ್ಕು ಜನರಿಗೆ ಎರಡು ಲೋಟ ತರಿ, ನಾಲ್ಕು ಲೋಟ ನೀರು, ಒಂದು ಚಿಕ್ಕ ಚಮಚ ಉಪ್ಪು, ಒಂದು ಚಿಕ್ಕ ಚಮಚ ಎಣ್ಣೆ, ಅರ್ಧ ಲೋಟ ಕಾಯಿತುರಿ. ನೀರು ಮರಳಿದ ಮೇಲೆ ಉಪ್ಪು, ಎಣ್ಣೆ, ಕಾಯಿತುರಿ ಹಾಕಿ, ಉರಿ ತಗ್ಗಿಸಿ, ಒಂದು ಕೈಯಲ್ಲಿ ತರಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವಿ. ನೀರು ಹೀರಿ ಗಟ್ಟಿಯಾಗುತ್ತಿದ್ದಂತೆ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಹಾಗೇ ಬಿಡಿ. ಈ ಹತ್ತು ನಿಮಿಷದಲ್ಲಿ ಟಿಫಿನ್ ಡಬ್ಬಿ ತೊಳೆಯಿರಿ, ಚಟ್ನಿ ರುಬ್ಬಿ, ಏನಾದರೂ ಮಾಡಿ. ತರಿ ಒಳಗಿನವರೆಗೆ ನೀರು ಎಳೆದುಕೊಳ್ಳುವುದು ಆಗಲೇ. ಆಮೇಲೆ ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಕಟ್ಟಿ, ನೀರು ಕುದಿಯುತ್ತಿರುವ ಇಡ್ಲಿ ಪಾತ್ರೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ.

ಉಂಡೆ ಕಟ್ಟುವಾಗ ಬಿರುಕು ಬಿಟ್ಟರೆ ನೀರು ಸಾಲದು: ಎರಡು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ಐದು ನಿಮಿಷ ಮುಚ್ಚಿಡಿ. ತಣ್ಣೀರು ಹಾಕಿದರೆ ಹೊರಗೆ ಅಂಟಾಗಿ ಒಳಗೆ ಗಟ್ಟಿ ಉಳಿಯುತ್ತದೆ. ಹಳೆಯ ಅಕ್ಕಿ ಕಾಲು ಲೋಟ ನೀರು ಹೆಚ್ಚು ಕೇಳುತ್ತದೆ, ಹೊಸ ಅಕ್ಕಿಗೆ ಅಷ್ಟೇ ಕಡಿಮೆ ಮಾಡಿ. ಉಂಡೆಯನ್ನು ಹಿಂದಿನ ರಾತ್ರಿಯೇ ಕಟ್ಟಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಹಬೆಗೆ ಇಡಬಹುದು. ಆಗ ಹದಿನೆಂಟು ನಿಮಿಷ ಬೇಕು.

ಮಕ್ಕಳು ಅದೇ ಕಡುಬೇ ಎಂದು ಮುಖ ತಿರುಗಿಸಿದರೆ ಉಳಿದ ಕಡುಬನ್ನು ಬಿಲ್ಲೆಯಾಗಿ ಒತ್ತಿ. ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ನಾಲ್ಕು ನಾಲ್ಕು ನಿಮಿಷ ಕೆಂಪಗೆ ಮಾಡಿ. ಬಿಸಿ ಕಡುಬಿನಿಂದ ಮಾಡಿದರೆ ಬಿಲ್ಲೆ ಒಡೆಯುತ್ತದೆ, ತಣಿದದ್ದೇ ಬೇಕು.

ಮುಳ್ಳುಸೌತೆ ಸಿಹಿ, ಓವನ್ನಿನಲ್ಲಿ

ಹಬೆಯಲ್ಲಿ ಬೇಯಿಸುವ ಸೌತೆಕಾಯಿ ಕಡುಬನ್ನೇ ಓವನ್ನಿಗೆ ಹಾಕಿದರೆ ಮೇಲೆ ಕೆಂಪಗೆ ಗರಿ ಬರುತ್ತದೆ, ಒಳಗೆ ಮೃದುವಾಗಿರುತ್ತದೆ, ಕೇಕಿನಂತೆ ಕತ್ತರಿಸಿ ಡಬ್ಬಿಗೆ ಹಾಕಬಹುದು. ಸೋಡಾ, ಮೈದಾ ಒಂದೂ ಬೇಡ. ಮೊದಲ ಸಲ ಬೇಕಿಂಗ್ ಮಾಡುವವರು ಇದರಿಂದಲೇ ಶುರುಮಾಡಿ. ಇದರಲ್ಲಿ ಕೆಡುವುದಕ್ಕೆ ಹೆಚ್ಚೇನಿಲ್ಲ.

ತರಿ 200 ಗ್ರಾಂ, ಸಿಪ್ಪೆ-ಬೀಜ ತೆಗೆದು ತುರಿದ ಮುಳ್ಳುಸೌತೆ 400 ಗ್ರಾಂ, ಜೋನಿಬೆಲ್ಲ 150 ಗ್ರಾಂ, ಕಾಯಿತುರಿ 60 ಗ್ರಾಂ, ತುಪ್ಪ ಎರಡು ದೊಡ್ಡ ಚಮಚ, ಉಪ್ಪು ಕಾಲು ಚಿಕ್ಕ ಚಮಚ, ನಾಲ್ಕು ಏಲಕ್ಕಿಯ ಪುಡಿ. ತುರಿಯುವ ಮೊದಲು ಸೌತೆಕಾಯಿಯ ಎರಡೂ ತುದಿಯಿಂದ ಚೂರು ತಿಂದು ನೋಡಿ. ಕಹಿ ಇದ್ದರೆ ಆ ಕಾಯಿಯನ್ನೇ ಬಿಟ್ಟುಬಿಡಿ, ಎಷ್ಟು ಬೆಲ್ಲ ಹಾಕಿದರೂ ಆ ಕಹಿ ಹೋಗುವುದಿಲ್ಲ. ತುರಿಯ ನೀರು ಹಿಂಡಬೇಡಿ, ತರಿ ಬೇಯುವುದು ಆ ನೀರಿನಲ್ಲೇ.

ತುರಿ, ಜೋನಿಬೆಲ್ಲ, ಉಪ್ಪು ಸೇರಿಸಿ ಕುದಿಸಿ. ತರಿ, ಕಾಯಿತುರಿ, ತುಪ್ಪ ಹಾಕಿ ಐದಾರು ನಿಮಿಷ ತಿರುವಿದರೆ ಮುದ್ದೆಯಾಗಿ ತಳ ಬಿಡುತ್ತದೆ. ಹಸಿಯಾಗಿಯೇ ಪಾತ್ರೆಗೆ ಸುರಿದರೆ ತರಿ ತಳಕ್ಕೆ ಕೂತು ಕಲ್ಲಾಗುತ್ತದೆ, ನೀರು ಮೇಲೆ ನಿಲ್ಲುತ್ತದೆ. ಅದಕ್ಕೇ ಈ ಮೊದಲ ಕುದಿ. ಏಲಕ್ಕಿ ಬೆರೆಸಿ, ತುಪ್ಪ ಸವರಿದ ಏಳು ಇಂಚಿನ ಪಾತ್ರೆಗೆ ಹಾಕಿ ಮಟ್ಟ ಮಾಡಿ. ಹಿತ್ತಿಲಲ್ಲಿ ಅರಿಸಿನದ ಎಲೆ ಇದ್ದರೆ ಪಾತ್ರೆಯ ತಳಕ್ಕೆ ಎರಡು ಹಾಸಿ. ಅದರ ಘಮವನ್ನು ಯಾವ ಎಸೆನ್ಸೂ ಕೊಡುವುದಿಲ್ಲ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಒಂದು ಗಂಟೆ ಆರಿದ ಮೇಲೆ ಕತ್ತರಿಸಿ, ಬಿಸಿಯಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ.

ಬಾಳೆಹಣ್ಣಿನ ಕೇಕು

ಗೋಧಿಹಿಟ್ಟು 180 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಉಪ್ಪು ಕಾಲು ಚಿಕ್ಕ ಚಮಚ: ಇಷ್ಟನ್ನು ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಚೆನ್ನಾಗಿ ಕಳಿತ ಪುಟ್ಟಬಾಳೆ, ಸಿಪ್ಪೆ ತೆಗೆದು 200 ಗ್ರಾಂ (ಸಾಧಾರಣ ಗಾತ್ರದ್ದಾದರೆ ನಾಲ್ಕು), ಗಂಟಿಲ್ಲದಂತೆ ಹಿಸುಕಿ. ಅದಕ್ಕೆ ಜೋನಿಬೆಲ್ಲ 150 ಗ್ರಾಂ, ವಾಸನೆಯಿಲ್ಲದ ಎಣ್ಣೆ 80 ಮಿಲಿ, ಮೊಸರು 60 ಮಿಲಿ ಹಾಕಿ ಕದಡಿ. ಬೆಲ್ಲ ಬಿಸಿಯಿದ್ದರೆ ಮೊಸರು ಒಡೆಯುತ್ತದೆ, ಸೋಡಾ ಪಾತ್ರೆಯಲ್ಲೇ ಉಬ್ಬಿ ಸುಮ್ಮನಾಗುತ್ತದೆ. ಆರಿದ ಬೆಲ್ಲವೇ ಆಗಬೇಕು.

ಒಲೆ ಅಥವಾ ಓವನ್ ಕಾದ ಮೇಲೆಯೇ ಎರಡನ್ನೂ ಸೇರಿಸಿ. ಬೆಲ್ಲ, ಮೊಸರು, ಬಾಳೆಹಣ್ಣಿನ ಹುಳಿ ತಾಗಿದ ಕ್ಷಣದಿಂದ ಸೋಡಾ ಗಾಳಿ ಬಿಡತೊಡಗುತ್ತದೆ. ಅರ್ಧ ಗಂಟೆ ಕಾದರೆ ಉಬ್ಬುವ ಶಕ್ತಿ ಉಳಿಯುವುದಿಲ್ಲ. ಒಣಹಿಟ್ಟು ಕಾಣದಾಗುವವರೆಗೆ ಮಾತ್ರ ಸೌಟಿನಲ್ಲಿ ಮಗುಚಿ, ಇಪ್ಪತ್ತು-ಇಪ್ಪತ್ತೈದು ಸುತ್ತು ಸಾಕು. ದೋಸೆ ಹಿಟ್ಟಿನಂತೆ ಕಲಸುತ್ತ ಹೋದರೆ ಗೋಧಿಯ ಜಿಗುಟು ಬಲಿತು ಕೇಕು ರಬ್ಬರಾಗುತ್ತದೆ.

ಎಣ್ಣೆ ಸವರಿ ಹಿಟ್ಟು ಉದುರಿಸಿದ ಏಳು ಇಂಚಿನ ಪಾತ್ರೆಗೆ ಸುರಿದು, ಹತ್ತು ನಿಮಿಷ ಮೊದಲೇ ಕಾದ ಓಟಿಜಿಯಲ್ಲಿ (ಕರೆಂಟಿನ ಚಿಕ್ಕ ಓವನ್) ನಡು ಹಂತದಲ್ಲಿಟ್ಟು 170 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಬೆಲ್ಲದ ಕೇಕು ಸಕ್ಕರೆಯದಕ್ಕಿಂತ ಬೇಗ ಕಪ್ಪಾಗುತ್ತದೆ. 30 ನಿಮಿಷಕ್ಕೇ ಮೇಲೆ ಗಾಢವಾದರೆ ಅಲ್ಯುಮಿನಿಯಂ ಹಾಳೆ ಮುಚ್ಚಿ, ಹೊರತೆಗೆಯಬೇಡಿ. ಬಣ್ಣ ನಂಬಬೇಡಿ, ನಡುವಿಗೆ ಕಡ್ಡಿ ಚುಚ್ಚಿ ನೋಡಿ.

ಓವನ್ ಇಲ್ಲದವರು ಬೀಡಿನ ಬಾಣಲೆ ಅಥವಾ ದಪ್ಪ ತಳದ ಹಳೆಯ ಕುಕ್ಕರ್ ಬಳಸಿ. ನಾನ್‌ಸ್ಟಿಕ್ ಬೇಡ, ನೀರಿಲ್ಲದ ಕಾವಿಗೆ ಅದರ ಲೇಪ ಕೆಡುತ್ತದೆ. ಕುಕ್ಕರಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿಡಿ. ನೀರು ಹಾಕಬಾರದು. ತಳಕ್ಕೆ ಅರ್ಧ ಇಂಚು ಪುಡಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕೇಕಿನ ಪಾತ್ರೆ ಇಟ್ಟ ಮೇಲೆ ಉರಿ ಪೂರ್ತಿ ಸಣ್ಣ, 50 ನಿಮಿಷ. ಮೊದಲ 35 ನಿಮಿಷ ಮುಚ್ಚಳ ಎತ್ತಬೇಡಿ.

ಓಟಿಜಿಯಲ್ಲಿ ಬೇಯುತ್ತಿರುವಾಗ ಕರೆಂಟು ಹೋದರೆ? ಹದಿನೈದು ನಿಮಿಷದೊಳಗೆ ಹೋದರೆ ಕಾಯದೆ ಬಾಣಲೆ ಕಾಯಿಸಿ ಅದಕ್ಕೆ ವರ್ಗಾಯಿಸಿ. ಅರ್ಧ ಗಂಟೆ ಕಳೆದಿದ್ದರೆ ಬಾಗಿಲು ತೆಗೆಯದೆ ಹತ್ತು ನಿಮಿಷ ಬಿಡಿ, ಒಳಗಿನ ಕಾವಿನಲ್ಲೇ ಬಹುಪಾಲು ಬೇಯುತ್ತದೆ. ಕಡ್ಡಿ ಅಂಟಿದರೆ ಮಾತ್ರ ಬಾಣಲೆಗೆ.

ನಡು ಕುಸಿದರೆ ಮೂರು ಕಾರಣ: ಬೇಗ ಬಾಗಿಲು ತೆಗೆದದ್ದು, ಸೋಡಾ ಹೆಚ್ಚಾದದ್ದು, ಬಾಳೆಹಣ್ಣು ತೂಕಕ್ಕಿಂತ ಜಾಸ್ತಿ ಹೋದದ್ದು. ಸಾಬೂನಿನ ರುಚಿ ಬಂದರೆ ಸೋಡಾ ಹೆಚ್ಚಾಗಿದೆ ಅಥವಾ ಗಂಟು ಕರಗಿಲ್ಲ. ಏಳಲೇ ಇಲ್ಲವೆಂದರೆ ಬೇಕಿಂಗ್ ಪೌಡರ್ ಪರೀಕ್ಷಿಸಿ: ಬಿಸಿನೀರಿಗೆ ಅರ್ಧ ಚಮಚ ಹಾಕಿದಾಗ ಜೋರಾಗಿ ನೊರೆಯೇಳದಿದ್ದರೆ ಎಸೆಯಿರಿ. ಇಲ್ಲಿನ ತೇವಕ್ಕೆ ತೆರೆದ ಡಬ್ಬ ಬೇಗ ಸತ್ವ ಕಳೆದುಕೊಳ್ಳುತ್ತದೆ, ಚಿಕ್ಕ ಡಬ್ಬವನ್ನೇ ಕೊಳ್ಳಿ.

ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಬದಲು 200 ಗ್ರಾಂ ಬಕ್ಕೆ (ಗಟ್ಟಿ ತೊಳೆಯ) ಹಲಸಿನ ತೊಳೆ ರುಬ್ಬಿ ಹಾಕಿ, ಜೋನಿಬೆಲ್ಲ 120 ಗ್ರಾಮಿಗೆ ಇಳಿಸಿ. ಹೆಚ್ಚಿ ಹಾಕಿದರೆ ನಾರು ಹಲ್ಲಿಗೆ ಸಿಗುತ್ತದೆ.

ಯಾವುದು ಯಾವತ್ತು

ಭಾನುವಾರ ಸಂಜೆ ಕೇಕು, ಅದು ಬೇಯುವ ಹೊತ್ತಿನಲ್ಲಿ ಸೋಮವಾರದ ಕಡುಬಿನ ಉಂಡೆ. ಬುಧವಾರ ಮುಳ್ಳುಸೌತೆ ಸಿಹಿ. ಕೇಕನ್ನು ಒಂದೂವರೆ ಗಂಟೆ ಆರಿಸಿ, ತುಂಡು ಮಾಡಿ, ಮೊದಲ ದಿನದ್ದಷ್ಟೇ ಹೊರಗಿಟ್ಟು ಉಳಿದದ್ದನ್ನು ಫ್ರಿಜ್ಜಿಗೆ ಹಾಕಿ. ನಾಲ್ಕು ದಿನ ಇರುತ್ತದೆ. ಜುಲೈ ತಿಂಗಳಲ್ಲಿ ಹೊರಗಿಟ್ಟ ಬೆಲ್ಲದ ಕೇಕಿಗೆ ಮೂರನೇ ದಿನವೇ ಬೂಷ್ಟು ಬರುತ್ತದೆ. ಮುಳ್ಳುಸೌತೆಯದು ಇನ್ನೂ ತೇವದ್ದು, ಅದನ್ನು ಎರಡು ದಿನದೊಳಗೆ ಮುಗಿಸಿ. ಡಬ್ಬಿಗೆ ಹಾಕುವ ತುಂಡನ್ನು ಫ್ರಿಜ್ಜಿನಿಂದ ತೆಗೆದು ಕಾವಲಿಯ ಮೇಲೆ ಒಂದು ಹನಿ ತುಪ್ಪದಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ.