ಕಾಂಡ್ಲಾ ಬುಡದಲ್ಲಿ ವಿಜ್ಞಾನದ ಪಾಠ

ಕುಮಟಾ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಆವಾಸದ ಪಾಠ ಅಂದರೆ ಮರುಭೂಮಿಯ ಒಂಟೆ, ಹಿಮಕರಡಿ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ನಮಗೋ ನಡೆದು ಹೋಗುವಷ್ಟು ಹತ್ತಿರ ಅಘನಾಶಿನಿ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ ಇದೆ, 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಇಷ್ಟಿದ್ದೂ ಒಂಟೆ ಯಾಕೆ? ಹಾಗಾಗಿ ಈ ಪಾಠ ಈಗ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲೇ.

ಹೊತ್ತು ಗೊತ್ತು ಮಾಡೋದು ಶಾಲೆಯ ಗಂಟೆಯಲ್ಲ, ಇಳಿತ. ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ದೋಣಿಗೆ ಹೋಗುವವರ ಮನೆಯ ಮಕ್ಕಳನ್ನು ಕೇಳಿದರೆ ಸಾಕು, ಸರಿಯಾಗಿ ಹೇಳುತ್ತಾರೆ.

ಇಬ್ಬಿಬ್ಬರಿಗೆ ಒಂದೊಂದು ತುಂಡು ಕತ್ತದ ಹಗ್ಗ ಕೊಡುತ್ತೇನೆ. ಕೆಸರಿನ ಮೇಲೆ ಸುತ್ತು ಹಾಕಿ, ಅದರೊಳಗೆ ಮಾತ್ರ ನೋಡಬೇಕು. ಹೆಸರು ನಾನು ಹೇಳೋದಿಲ್ಲ. ಹೆಸರು ಸಿಕ್ಕ ಕೂಡಲೇ ಮಕ್ಕಳು ನೋಡೋದು ನಿಲ್ಲಿಸುತ್ತಾರೆ. ಕೇಳೋದು ಒಂದೇ: ಇದು ಇಲ್ಲೇ ಯಾಕಿದೆ?

ಮೊದಲು ಯಾರಿಗೂ ಏನೂ ಕಾಣೋದಿಲ್ಲ. ಸುಮ್ನೆ ಕೂತರೆ ಬಿಲದಿಂದ ಏಡಿ ಹೊರಗೆ ಬರುತ್ತದೆ. ಗಂಡಿಗೆ ಒಂದು ಕೊಂಬು (ಇಕ್ಕಳದಂಥ ಮುಂಗಾಲು) ಮಾತ್ರ ದೊಡ್ಡದು, ತಿನ್ನೋದೆಲ್ಲ ಸಣ್ಣದರಲ್ಲಿ. ಕೆಸರು ಬಾಯಿಗೆ ಹಾಕಿ, ತಿನ್ನುವಂಥದ್ದು ಉಳಿಸಿಕೊಂಡು, ಮಿಕ್ಕಿದ್ದನ್ನು ಸಾಸಿವೆಯಂಥ ಉಂಡೆ ಮಾಡಿ ಬಿಡುತ್ತದೆ. "ಅಕ್ಕೋರೇ, ಕೆಸರಲ್ಲಿ ತಿನ್ನೂಕೆ ಎಂತದಿದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ತಲೆಯೆತ್ತಿ ನೋಡಲು ಹೇಳುತ್ತೇನೆ. ಮೇಲಿನ ಎಲೆ ಉದುರುತ್ತದೆ, ಕೊಳೆಯುತ್ತದೆ, ಅದೇ ಊಟ. ಏಡಿ ಕೊರೆದ ಬಿಲದಿಂದ ಉಸಿರುಗಟ್ಟಿದ ಕೆಸರಿಗೆ ಗಾಳಿ ಹೋಗುತ್ತದೆ, ಅದು ಗಿಡಕ್ಕೆ ಲಾಭ. ಕೊಡುಕೊಳ್ಳುವಿಕೆ ಅಲ್ವಾ!

ಉಸಿರುಬೇರು ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡಿರುವ ಜಾತಿಯ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು. ಬೇರಿನಲ್ಲಿ ತಡೆದೂ ಒಳಗೆ ಬಂದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಇದನ್ನು ಮಕ್ಕಳು ಮರೆತದ್ದು ನಾನು ಕಂಡಿಲ್ಲ. ಕೆಸರಿನ ಮೇಲೆ ಕುಪ್ಪಳಿಸುವ ಮೀನು ಕಂಡರಂತೂ ಆ ದಿನದ ಪಾಠ ಅಲ್ಲಿಗೇ ಮುಗಿದ ಹಾಗೆ, ಎಲ್ಲರೂ ಅದರ ಹಿಂದೆ.

ಉಬ್ಬರ ಬಂದಾಗ ದಡದಲ್ಲಿ ನಿಂತು ಅದೇ ಜಾಗ ಮತ್ತೆ ನೋಡಿಸುತ್ತೇನೆ. ಒಣಗಿದ್ದ ಬೇರಿನ ಸಂದಿಯಲ್ಲಿ ಈಗ ಮೀನುಮರಿ, ಶೆಟ್ಲಿಮರಿ (ಸೀಗಡಿ ಮರಿ). ದೊಡ್ಡ ಮೀನು ಅಲ್ಲಿಗೆ ನುಗ್ಗಲಾರದು.

ಪರೀಕ್ಷೆಯಲ್ಲೂ "ಚಿತ್ರ ಬರೆದು ಹೆಸರಿಸಿ" ಬಿಟ್ಟು, "ಈ ಬೇರು ಕಡಿದರೆ ಯಾರಿಗೆಲ್ಲ ತೊಂದರೆ?" ಎಂದು ಕೇಳುತ್ತೇನೆ. ಶೆಟ್ಲಿಯಿಂದ ಶುರುವಾದ ಉತ್ತರ ಎಷ್ಟೋ ಸಲ ಮೀನುಪೇಟೆಯವರೆಗೆ ಹೋಗುತ್ತದೆ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಶಿಕ್ಷಕರು ನಮಗೆ ಅಳಿವೆ ಎಲ್ಲಿದೆ ಅನ್ನುತ್ತಾರೆ. ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟ ಇದೆಯಲ್ಲ! ಮಳೆಗಾಲ ಕಳೆದ ಮೇಲೆ ಲಡ್ಡು ಹಿಡಿದ (ಕೊಳೆತ) ಒಂದು ಮರದ ದಿಮ್ಮಿ ಹುಡುಕಿ, ಅದರ ಸುತ್ತ ಹಗ್ಗ ಹಾಕಿ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಚೇಳಿಗೂ ಅದೇ ಮನೆ.